ಒಬ್ಬರೇ ಹಿಡಿದ ಎಲೆ ಅಡಿಕೆ

ಇವತ್ತು ಮಾಡಿದ ಕೆಲಸ: ಬಚ್ಚಲ ಒಲೆಗೆ ಬೆಂಕಿ ಹಾಕಿದ್ದು. ದೋಸೆಗೆ ಅಕ್ಕಿ ನೆನೆಹಾಕಿದ್ದು. ಅತ್ತೆಯ ಸೀರೆಯ ಅಂಚು ಹೊಲಿದದ್ದು. ಮಗಳ ಬಿಳಿ ಕೋಟಿನ ತೋಳಿಗಾದ ಕಲೆಗೆ ನಿಂಬೆಹಣ್ಣು ಉಜ್ಜಿ ಬಿಸಿಲಿಗೆ ಹಾಕಿದ್ದು. ಹುರುಳಿ ಬೇಯಿಸಿ ಕಟ್ಟು ಬಸಿದಿಟ್ಟದ್ದು. ಗ್ಯಾಸಿನವನಿಗೆ ಕಾದದ್ದು, ಅವನು ಬಾರದೆ ಹೋದದ್ದು. ಸೊರಬದಿಂದ ಶಿಕಾರಿಪುರಕ್ಕೆ ಬಸ್ಸಿನಲ್ಲಿ ಹೋಗಿ, ಒಬ್ಬರು ಕೊಟ್ಟಿದ್ದ ಎಲೆ ಅಡಿಕೆ ತೆಂಗಿನಕಾಯಿಯನ್ನು ಅವರಿಗೇ ವಾಪಸು ಕೊಟ್ಟು ಬಂದದ್ದು.

ಕೊನೆಯ ಕೆಲಸ ಹೇಳಿದಷ್ಟು ಸಣ್ಣದಲ್ಲ. ನಮ್ಮ ಕಡೆ ಮನೆಯಾಗಲಿ, ಜಮೀನಾಗಲಿ, ಮಾತು ಮುಗಿದ ಕೂಡಲೇ ಕೊಡುವವರು ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಇಟ್ಟು ಮುಂದೆ ಚಾಚುತ್ತಾರೆ. ಕೊಳ್ಳುವವರು ಅದನ್ನು ಹಿಡಿದರೆ ಮುಗಿಯಿತು. ಮುಂಗಡ, ಕರಾರು, ರಿಜಿಸ್ಟ್ರಿ ಎಲ್ಲ ಆಮೇಲೆ. ಹಿಡಿದ ಎಲೆ ಅಡಿಕೆ ತಿರುಗಿಸಿದವರು ಊರಲ್ಲಿ ತಲೆ ಎತ್ತಿ ತಿರುಗುವ ಹಾಗಿಲ್ಲ ಎಂದು ನಮ್ಮ ಯಜಮಾನರ ನಂಬಿಕೆ. ಅದನ್ನೇ ಮಾಡಿ ಬಂದಿದ್ದೇವೆ. ತಲೆ ಎಲ್ಲಿತ್ತೋ ಅಲ್ಲೇ ಇದೆ. ನನ್ನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ಮನೆ ಬೇಕಾಗಿದ್ದು ಯಾಕೆ ಎಂಬುದನ್ನು ಮೊದಲು ಹೇಳಬೇಕು, ಏಕೆಂದರೆ ಎಲ್ಲರೂ ಮರೆತದ್ದು ಅದನ್ನೇ. ನಾವು ಇರುವುದು ಸೊರಬದಲ್ಲಿ, ಬಾಡಿಗೆಗೆ. ನನ್ನ ತವರಿನ ಊರು. ಯಜಮಾನರು ಇಲ್ಲಿನ ಸಹಕಾರ ಸಂಘದಲ್ಲಿ ಗುಮಾಸ್ತರಾಗಿದ್ದು ಈಚೆಗೆ ನಿವೃತ್ತರಾದರು. ಮಗಳಿಗೆ ಶಿಕಾರಿಪುರದ ಒಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಸಂಜೆ ಏಳಕ್ಕೆ ಬಿಡುತ್ತಾರೆ. ಅಲ್ಲಿಂದ ಶಿರಾಳಕೊಪ್ಪ, ಅಲ್ಲಿ ಬಸ್ಸು ಬದಲಿಸಿ ಸೊರಬ. ಒಂದು ಬಸ್ಸು ತಪ್ಪಿತೆಂದರೆ ಶಿರಾಳಕೊಪ್ಪದ ನಿಲ್ದಾಣದಲ್ಲಿ ಒಬ್ಬಳೇ ನಿಂತಿರಬೇಕು. ಅವಳು ಬರುವವರೆಗೆ ನಾನು ಒಲೆ ಮುಂದೆ ಕೂತಿದ್ದರೂ ಕಿವಿ ಬಾಗಿಲಲ್ಲೇ ಇರುತ್ತದೆ. ಅದಕ್ಕೇ ಶಿಕಾರಿಪುರದಲ್ಲೇ ಒಂದು ಮನೆ ಆಗಲಿ, ಅವಳು ಆಸ್ಪತ್ರೆಯಿಂದ ನಡೆದೇ ಮನೆಗೆ ಬರುವ ಹಾಗಿರಲಿ ಎಂದು ತೀರ್ಮಾನವಾಯಿತು. ಇವರ ನಿವೃತ್ತಿಯ ಹಣಕ್ಕೆ ಎಟುಕುವ ಮನೆ, ಮಗಳು ನಡೆದು ಬರುವ ದಾರಿ. ಬೇಕಾಗಿದ್ದು ಇವೆರಡೇ.

ಶಿಕಾರಿಪುರದಲ್ಲಿ ಭಾವನವರಿದ್ದಾರೆ, ಇವರ ಅಣ್ಣ. ಅವರಿಗೆ ಊರಿನ ಪ್ರತಿ ಸೈಟಿನ ಜಾತಕ ಗೊತ್ತು. ಹುಡುಕುವ ಕೆಲಸ ಅವರೇ ವಹಿಸಿಕೊಂಡರು. ಊರಿನ ಹೊರಗೆ ಹೊಸ ಲೇಔಟಿನಲ್ಲಿ ಒಂದು ಮನೆ ಸಿಕ್ಕಿತು. ಇವರು ಹೋಗಿ ನೋಡಿ ಬಂದರು. ಮತ್ತೊಮ್ಮೆ ಹೋಗಿ ನೋಡಿ ಬಂದರು. ಪ್ರತಿ ಸಲವೂ ಬೆಳಿಗ್ಗೆಯೇ. ಭಾವನವರು ಪಂಚಾಂಗ ನೋಡಿ, ರಾಹುಕಾಲ ಕಳೆದು, ಒಳ್ಳೆಯ ಹೊತ್ತಿನಲ್ಲಿ ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು. ನಮ್ಮ ಜನ ಮನೆ ನೋಡುವುದೇ ಹಾಗೆ. ಬಾಗಿಲು ಯಾವ ದಿಕ್ಕಿಗೆ, ಅಡಿಗೆಮನೆ ಯಾವ ಮೂಲೆಗೆ, ಬೋರಿನ ನೀರು ಸಿಹಿಯೋ ಸಪ್ಪೆಯೋ, ಎಲ್ಲ ನೋಡಿದರು. ಇವರಂತೂ ಬಚ್ಚಲಿಗೆ ಒಂದು ಕೊಡ ನೀರು ಸುರಿದು ಯಾವ ಕಡೆ ಹರಿಯುತ್ತದೆ ಎಂದೂ ನೋಡಿದರಂತೆ. ಮಗಳು ಆ ಮನೆಗೆ ಬರುವ ಹೊತ್ತಿನಲ್ಲಿ ಆ ಬೀದಿ ಹೇಗಿರುತ್ತದೆ ಎಂದು ನೋಡುವ ಯೋಚನೆ ಮಾತ್ರ ಇಬ್ಬರು ಗಂಡಸರಲ್ಲಿ ಒಬ್ಬರಿಗೂ ಬರಲಿಲ್ಲ. ಸಂಜೆ ಮನೆ ನೋಡುವುದು ಶಾಸ್ತ್ರವಲ್ಲವಲ್ಲ.

ಕಳೆದ ಶುಕ್ರವಾರ ಮಧ್ಯಾಹ್ನ ಇವರು ಚೀಲದಿಂದ ತೆಂಗಿನಕಾಯಿ ತೆಗೆದು ದೇವರ ಮುಂದೆ ಇಟ್ಟರು.

"ಎಂತ ಇದು?" ಎಂದೆ.

"ಎಲೆ ಅಡಿಕೆ ಹಿಡ್ಕಂಡು ಬಂದೆ."

"ನಾನು ನೋಡೇ ಇಲ್ಲ?"

"ಅಣ್ಣ ನೋಡ್ಯಾನ, ನಾನು ನೋಡೀನಿ. ಇನ್ನ ಯಾರು ನೋಡ್ಬೇಕು? ಒಳ್ಳೆ ಗಳಿಗಿ ಇತ್ತು, ಬಿಟ್ರೆ ಇನ್ನೊಬ್ರು ಹಿಡೀತಿದ್ರು."

ಇವರು ಶಿಕಾರಿಪುರ ತಾಲೂಕಿನ ತೊಗರ್ಸಿ ಕಡೆಯವರು. ಇಷ್ಟು ವರ್ಷ ಸೊರಬದ ನೀರು ಕುಡಿದರೂ ಅಣ್ಣನ ಮನೆಗೆ ಹೋಗಿ ಬಂದ ದಿನ ಮಾತು ಆ ಕಡೆಗೇ ತಿರುಗಿರುತ್ತದೆ. ಎಲೆ ಬಾಡಬಾರದೆಂದು ಒದ್ದೆ ಬಟ್ಟೆ ಸುತ್ತಿಟ್ಟೆ. ಅತ್ತೆಗೆ ಎಲೆ ಅಡಿಕೆಯ ಚಟ. ಅವರು ದೇವರ ಗೂಡಿನ ಕಡೆಯೇ ನೋಡುತ್ತಿದ್ದರು. "ರಿಜಿಸ್ಟ್ರಿ ಆಗೋವರೆಗೆ ಮುಟ್ಟಂಗಿಲ್ಲವ್ವ" ಎಂದು ಮಗ ಮೊದಲೇ ಎಚ್ಚರಿಸಿದರು.

ಸೋಮವಾರ ನಾನೊಬ್ಬಳೇ ಬಸ್ಸು ಹತ್ತಿ ಶಿಕಾರಿಪುರಕ್ಕೆ ಹೋದೆ. ಭಾವನವರಿಗೆ ಹೇಳಲಿಲ್ಲ. ಹೇಳಿದರೆ ಕಾರು ಬರುತ್ತದೆ, ಕಾರಿನಲ್ಲಿ ಕೂತರೆ ಯಾವ ಬೀದಿಯೂ ಚೆನ್ನಾಗಿಯೇ ಕಾಣುತ್ತದೆ. ಆಸ್ಪತ್ರೆಯ ಬಾಗಿಲಲ್ಲಿ ಕಾದು, ಮಗಳು ಕೆಲಸ ಮುಗಿಸಿ ಬಂದಾಗ, "ನಡಿ, ನಿನ್ನ ಹೊಸ ಮನೆಗೆ ಹೋಗಿ ಬರೋಣ, ನೀನು ದಿನಾ ಹೋಗೋ ಹಾಗೆ" ಎಂದೆ.

ಪೇಟೆಯಲ್ಲಿ ಏನೂ ತೊಂದರೆ ಇರಲಿಲ್ಲ. ಬೇಕರಿ, ಮೆಡಿಕಲ್ ಶಾಪು, ಮಿರ್ಚಿ ಮಂಡಕ್ಕಿ ಗಾಡಿ, ಜನ. ಪೆಟ್ರೋಲ್ ಬಂಕು ದಾಟಿ ಎಡಕ್ಕೆ ತಿರುಗಿದೆವು ನೋಡಿ, ಅಲ್ಲಿಗೆ ಬೆಳಕು ಮುಗಿಯಿತು. ಒಂದು ಕಡೆ ಮೆಕ್ಕೆಜೋಳದ ಗೋದಾಮು, ಅದರ ಗೋಡೆಗೆ ಒತ್ತಿ ನಿಲ್ಲಿಸಿದ ಲಾರಿಗಳು. ಇನ್ನೊಂದು ಕಡೆ ಮುಳ್ಳುಕಂಟಿಯ ಖಾಲಿ ಜಾಗ. ಲೈಟಿನ ಕಂಬಗಳು ಉದ್ದಕ್ಕೂ ಇವೆ, ಸಾಲಾಗಿ, ಬಣ್ಣ ಬಳಿದು. ಒಂದರಲ್ಲೂ ಬಲ್ಬಿಲ್ಲ. ದೂರದಲ್ಲಿ ಲೇಔಟಿನ ಕಮಾನು ಮಾತ್ರ ಝಗಝಗ ಹೊಳೆಯುತ್ತಿತ್ತು.

ಲಾರಿಗಳ ಹತ್ತಿರ ಬಂದಾಗ ಮಗಳು ಫೋನು ಕಿವಿಗಿಟ್ಟಳು. "ಹ್ಞೂಂ ಅಪ್ಪ, ಬಂದೆ, ಇಲ್ಲೇ ಗೋದಾಮಿನ ಹತ್ರ ಇದೀನಿ. ನೀನು ಕಾಣ್ತಾ ಇದೀಯ, ಅಲ್ಲೇ ನಿಂತ್ಕೋ" ಎಂದಳು ಜೋರಾಗಿ. ನಾನು ಸುತ್ತ ನೋಡಿದೆ. ಇವರು ಸೊರಬದಲ್ಲಿ ಟೀವಿ ಮುಂದೆ ಇದ್ದಾರೆ ಎಂಬುದು ನನಗೆ ಗೊತ್ತಿತ್ತು. ಫೋನಿನ ಪರದೆಯಲ್ಲಿ ಬೆಳಕೇ ಇರಲಿಲ್ಲ.

"ಯಾರ ಹತ್ರ ಮಾತಾಡ್ತಾ ಇದೀಯೆ?"

"ಯಾರೂ ಇಲ್ಲಮ್ಮ. ಹಿಂಗೆ ಮಾಡಿದ್ರೆ ಯಾರೂ ಹತ್ರ ಬರಲ್ಲ. ಶಿರಾಳಕೊಪ್ಪದಲ್ಲೂ ಹಿಂಗೇ ಮಾಡೋದು ನಾನು."

ಎಷ್ಟು ದಿನದಿಂದ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಬಂದ ಬೈಕೊಂದು ನಮ್ಮ ಪಕ್ಕಕ್ಕೆ ನಿಧಾನವಾಯಿತು. ಅದರ ಮೇಲಿದ್ದ ಇಬ್ಬರಲ್ಲಿ ಒಬ್ಬ ಫೋನಿನ ಟಾರ್ಚನ್ನು ನಮ್ಮ ಮುಖಕ್ಕೆ ಬಿಟ್ಟ. ನನ್ನ ನರೆಗೂದಲು ಕಂಡಿರಬೇಕು, ಹೋದರು. ಮುಂದೆ ಹೋಗಿ ತಿರುಗಿ ಮತ್ತೆ ಬಂದರು. ಆಗಿದ್ದು ಇಷ್ಟೇ. ಇಷ್ಟನ್ನು ಯಾರಿಗೆ ಹೇಳಿದರೂ, "ಏನೂ ಆಗಲಿಲ್ವಲ್ಲ" ಎನ್ನುತ್ತಾರೆ. ಆಮೇಲೆ ಇವರೂ ಹಾಗೇ ಅಂದರು. ಏನಾದರೂ ಆಗುವವರೆಗೆ ಏನೂ ಆಗಿಲ್ಲ ಎನ್ನುವುದು ಎಷ್ಟು ಸುಲಭದ ಲೆಕ್ಕ.

ಕಮಾನಿನ ಕೆಳಗೆ ಕಲ್ಲಿನ ಬೆಂಚು. ಎರಡು ಕಡೆ ಸಿಮೆಂಟಿನ ಆನೆ. ಮೇಲೆ ಕ್ಯಾಮೆರಾ. ಬೆಂಚಿನಲ್ಲಿ ಒಬ್ಬ ಹಿರಿಯರು, ಲೇಔಟಿನ ಕಮಿಟಿಯ ಮುಖ್ಯಸ್ಥರಂತೆ, ಶಾಲು ಹೊದ್ದು ಕೂತಿದ್ದರು.

"ಯಾರ ಮನಿಗ್ರಿ?"

ಭಾವನವರ ಹೆಸರು ಹೇಳಿದೆ. ಮುಖ ಅರಳಿತು. "ಓ, ಅವ್ರ ತಮ್ಮನ ಮನಿಯೋರಾ. ಬರ್ರಿ ಬರ್ರಿ. ಕಣ್ಣುಮುಚ್ಚಿ ತಗೋರಿ. ಇಲ್ಲಿ ಎಲ್ಲ ನಮ್ಮೋರ. ಫುಲ್ ಸೇಫ್ ಏರಿಯಾ."

"ದಾರೀಲಿ ಲೈಟೇ ಇಲ್ವಲ್ರೀ" ಎಂದೆ.

"ಲೇಔಟ್ ಇನ್ನೂ ಪುರಸಭೆಗೆ ಹಸ್ತಾಂತರ ಆಗಿಲ್ರಿ. ಪುರಸಭೆಯವ್ರು ಲೇಔಟ್ ಮಾಡಿದವ್ರು ಹಾಕ್ಲಿ ಅಂತಾರ, ಮಾಡಿದವ್ರು ಪುರಸಭೆ ಹಾಕ್ಲಿ ಅಂತಾರ."

"ಕಮಾನಿಗೆ ಇದೆಯಲ್ಲ?"

"ಕಮಾನು ನಾವ ಮನಿಗಿಷ್ಟು ಅಂತ ಪಟ್ಟಿ ಎತ್ತಿ ಕಟ್ಟಿಸಿದ್ದು. ಆನಿ ನೋಡಿದ್ರೇನು? ಬೇಕಂತ್ಲೇ ಹೊರಗಿನ ಶಿಲ್ಪಿ ಕರೆಸಿದ್ವಿ."

"ಆ ಪಟ್ಟಿಯಲ್ಲೇ ನಾಲ್ಕು ಬಲ್ಬು ಹಾಕಿಸಬಹುದಿತ್ತೇನೋ."

ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಏನೂ ತಿಳಿಯದವಳಿಗೆ ತಿಳಿಸಿ ಹೇಳುವ ಹಾಗೆ, "ಈ ಹೊತ್ನಾಗ ನಮ್ಮ ಹೆಣ್ಮಕ್ಕಳು ಯಾರೂ ಹೊರಗ ಇರಂಗಿಲ್ಲ ನೋಡ್ರಿ. ಹಂಗಾಗಿ ಯಾರಿಗೂ ತೊಂದ್ರಿ ಬಂದಿಲ್ಲ" ಎಂದರು. ಆಮೇಲೆ ಮಗಳ ಕಡೆ ನೋಡಿ, "ಡ್ಯೂಟಿ ಏನವ್ವ? ಹಗಲಿಂದು ಹಾಕಿಸ್ಕೊ. ಇಲ್ಲಾಂದ್ರ ನಿಮ್ಮವ್ವಗ ಹೇಳು, ಒಂದು ಗಂಡು ನೋಡ್ತಾರ" ಎಂದು ನಕ್ಕರು.

ಮಗಳು, "ರೋಗ ಹಗಲಿಗೇ ಬರಬೇಕು ಅಂತ ನಿಮ್ಮ ಕಮಿಟಿಯಿಂದ ಒಂದು ನೋಟೀಸು ಹಾಕ್ಸಿ ಅಜ್ಜ, ನಾನೂ ಹಗಲೇ ಬರ್ತೀನಿ" ಎಂದಳು. ಅದಕ್ಕೂ ನಕ್ಕರು.

ಆಮೇಲೆ ಅವರು ಮಾಡಿದ್ದನ್ನು ಬರೆಯುವಾಗಲೂ ನನಗೆ ಸಿಟ್ಟೇರುತ್ತದೆ. ಫೋನು ತೆಗೆದು, ಕ್ಯಾಮೆರಾದ ಚಿತ್ರ ತಮ್ಮ ಫೋನಿನಲ್ಲೇ ಬರುತ್ತದೆ ಎಂದು ತೋರಿಸಿದರು. "ಯಾರು ಯಾವಾಗ ಬಂದ್ರು, ಯಾರ ಜೊತಿ ಬಂದ್ರು, ಎಲ್ಲಾ ಗೊತ್ತಾಗ್ತೈತಿ. ಇಲ್ನೋಡ್ರಿ, ನೀವು ಬಂದಿದ್ದು." ನೋಡಿದೆ. ಕಮಾನಿನ ಕೆಳಗೆ ಬರುವವರೆಗೆ ಬರೀ ಕಪ್ಪು. ಆ ಕಪ್ಪಿನೊಳಗೆ ಎರಡು ಕಪ್ಪು ಗುರುತು ಅಲ್ಲಾಡುತ್ತಿದ್ದವು. ಬೈಕು ನಮ್ಮ ಪಕ್ಕ ನಿಧಾನವಾದದ್ದು ಅದರಲ್ಲಿ ಒಂದು ಬಿಳಿ ಚುಕ್ಕೆ, ಅಷ್ಟೇ. ಬೈಕಿನವರ ಮುಖವಿಲ್ಲ, ನಂಬರಿಲ್ಲ. ಕಮಾನಿನ ಬೆಳಕಿಗೆ ಬಂದ ಕೂಡಲೇ ನನ್ನ ಮಗಳ ಮುಖ ಮಾತ್ರ ಸ್ಪಷ್ಟ. ಅಂದರೆ ಹೊತ್ತು ಮೀರಿ ಬಂದ ಹುಡುಗಿ ಯಾರೆಂದು ಇಡೀ ಲೇಔಟಿಗೆ ತಿಳಿಯುತ್ತದೆ, ಅವಳ ಹಿಂದೆ ಬಂದವರು ಯಾರೆಂದು ಯಾರಿಗೂ ತಿಳಿಯುವುದಿಲ್ಲ. ಇದಕ್ಕೆ ಆ ಕಮಿಟಿಯವರು ಸೇಫ್ ಎನ್ನುತ್ತಾರೆ. ಇದರ ಸಲುವಾಗಿ ನಾವು ಮೂವತ್ತು ವರ್ಷದ ದುಡಿಮೆ ಸುರಿಯಬೇಕು.

ಸೊರಬಕ್ಕೆ ಹಿಂತಿರುಗಿದ ಮೇಲೆ ಎಲ್ಲವನ್ನೂ ಹೇಳಿದೆ. ಇವರು ತಟ್ಟೆಯ ಅನ್ನ ಕಲಸುತ್ತಲೇ ಇದ್ದರು.

"ನಾನೇ ದಿನಾ ಪೆಟ್ರೋಲ್ ಬಂಕಿನವರೆಗೆ ಹೋಗಿ ಕರ್ಕೊಂಡು ಬರ್ತೀನಿ. ಆಯ್ತಾ?"

"ನಿಮ್ಮ ಮಂಡಿ ನೋವಿಗೆ ಬಚ್ಚಲಿಗೆ ಹೋಗಿ ಬರೋದೇ ಕಷ್ಟ. ಎಷ್ಟು ವರ್ಷ ಕರ್ಕೊಂಡು ಬರ್ತೀರಿ? ಇಪ್ಪತ್ತಾರು ವರ್ಷದ ಹುಡುಗಿ ಅಪ್ಪ ಬಂದಿಲ್ಲ ಅಂತ ಬಂಕಲ್ಲಿ ನಿಂತಿರಬೇಕಾ?"

"ಎಲೆ ಅಡಿಕೆ ಹಿಡಿದಾಗಿದೆ."

ಮಗಳು ತಟ್ಟೆ ಎತ್ತಿಕೊಂಡು ಎದ್ದಳು. "ಜಗಳ ಬೇಡ. ನಾನು ಕೆಲಸ ಬಿಡಬೇಕಾ, ಬೇಡವಾ, ಅದೊಂದು ಹೇಳಿಬಿಡಿ. ಮನೆ ಯಾವುದಾದ್ರೂ ಆಗಲಿ" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ. ಸಿಟ್ಟು ಮಾಡುವಷ್ಟೂ ಆಸೆ ಇಟ್ಟುಕೊಂಡಿಲ್ಲವಲ್ಲ ಇವಳು ಎನಿಸಿತು. ಅವಳು ನಡೆದು ಬರಲಿ ಎಂದು ಹುಡುಕಿದ ಮನೆ, ಅವಳನ್ನೇ ಮನೆಯೊಳಗೆ ಕೂರಿಸುವ ಹಂತಕ್ಕೆ ಬಂದಿತ್ತು.

ಮಂಗಳವಾರ ಭಾವನವರಿಗೆ ಫೋನು ಮಾಡಿದೆ. ದಾರಿಗೆ ದೀಪ ಹಾಕಿಸಲಿ, ರಿಜಿಸ್ಟ್ರಿಗೆ ಮುಂಚೆ, ನನ್ನದು ಬೇರೆ ತಕರಾರಿಲ್ಲ ಎಂದೆ. ಅವರು ಕಮಿಟಿಯನ್ನು ಕೇಳಿ ಸಂಜೆ ಉತ್ತರ ತಂದರು.

"ನೋಡವ್ವ, ಒಂದು ಮನಿ ಸಲುವಾಗಿ ಲೈನ್ ಎಳಿಯಾಕ ಆಗಂಗಿಲ್ಲಂತ. ನಿಮ್ಮ ಮನಿ ಮುಂದ ಬೇಕಾದ್ರ ನೀವ ಹಾಕ್ಕೊಳ್ರಿ ಅಂದ್ರು. ಈ ಸಲ ಪಟ್ಟಿ ಎತ್ತಿದ್ದು ಆನಿಗೆ ಬಣ್ಣ ಹೊಡಿಸಾಕ ಐತಂತ."

"ಭಾವ, ನನ್ನ ಮಗಳು ನಡೆಯೋದು ಮನೆ ಮುಂದೆ ಅಲ್ಲ, ಗೋದಾಮಿನ ಮುಂದೆ."

"ಎಲ್ಲಾದಕ್ಕೂ ಹಿಂಗ ಹುಳುಕು ತೆಗದ್ರ ಹೆಂಗವ್ವ? ನನ್ನ ಮರ್ಯಾದಿ ಪ್ರಶ್ನೆ. ತಮ್ಮ ಎಲೆ ಅಡಿಕೆ ಹಿಡದಾನ."

ಆಗ ನನ್ನ ಬಾಯಿಂದ ಬಂದದ್ದನ್ನು ನಾನು ಯೋಚಿಸಿ ಆಡಲಿಲ್ಲ. "ಮಗಳನ್ನ ಧಾರೆ ಎರೆಯೋಕೆ ನನ್ನ ಕೈ ಬೇಕು. ಪೂಜೆಗೆ ಕೂರೋಕೆ ನಾನು ಪಕ್ಕದಲ್ಲಿ ಬೇಕು. ಗೃಹಪ್ರವೇಶದ ದಿನ ಹಾಲುಕ್ಕಿಸೋಕೆ ನಾನು ಬೇಕು. ಆ ಮನೆ ಯಾವುದು ಅಂತ ಎಲೆ ಅಡಿಕೆ ಹಿಡಿಯೋಕೆ ಮಾತ್ರ ಇವರೊಬ್ಬರೇ ಸಾಕಾ? ನಾನು ಹಿಡಿದಿಲ್ಲ ಭಾವ. ನನ್ನ ಮಾತು ಇನ್ನೂ ನನ್ನ ಹತ್ರನೇ ಇದೆ" ಎಂದೆ.

ಮೂಲೆಯಲ್ಲಿ ಕೂತಿದ್ದ ಅತ್ತೆ ಬಾಯಿ ಹಾಕಿದರು. "ಅದು ಖರೇನ. ನಮ್ಮ ಕಾಲ್ದಾಗ ಗಂಡ ಹೆಂಡ್ತಿ ಜೊತೀಲೇ ಕೂತು ಹಿಡಿತಿದ್ವಿ. ಇವರಪ್ಪ ಮೇಲಿನ ಹೊಲ ತಗೊಂಡಾಗ ನನ್ನ ಕರೆಯಾಕ ಗಾಡಿ ಕಳಿಸಿದ್ರು. ಒಬ್ಬನ ಹಿಡಿದಿದ್ದು ಎಂಥಾ ತಾಂಬೂಲ?" ಅವರಿಗೆ ಲೇಔಟೂ ಗೊತ್ತಿಲ್ಲ, ದೀಪದ ಚಿಂತೆಯೂ ಇಲ್ಲ. ಶಾಸ್ತ್ರ ತಪ್ಪಿದ್ದು ಮಾತ್ರ ಅವರಿಗೆ ಕಂಡಿತ್ತು. ಇಷ್ಟು ವರ್ಷದಲ್ಲಿ ಅತ್ತೆ ನನ್ನ ಪರ ನಿಂತದ್ದು ಅದೇ ಮೊದಲು.

ಬುಧವಾರ ಊಟವಾದ ಮೇಲೆ ಇವರು, ಸಂಘದ ಪಿಂಚಣಿ ಕೆಲಸವಿದೆ ಎಂದು ಹೊರಟರು. ಬಂದದ್ದು ಮಗಳ ಜೊತೆ, ಅವಳ ಬಸ್ಸಿನಲ್ಲೇ. ಚಪ್ಪಲಿಯ ತುಂಬ ಕೆಂಪು ಧೂಳು, ಪಂಚೆಯ ಅಂಚಿಗೆ ಮುಳ್ಳುಕಂಟಿಯ ಚೂರು. ಕಾಲು ತೊಳೆಯಲು ಬಿಸಿನೀರು ಕೊಟ್ಟೆ. ಒಂದು ಪಾದ ತೊಳೆದು ಇನ್ನೊಂದನ್ನು ಎತ್ತಿ ಹಿಡಿದುಕೊಂಡು, "ಆ ಕಡೆ ನಾಯಿ ಬಾಳ" ಎಂದರು.

"ಹೌದಾ" ಎಂದೆ.

"ಬಾಳ ನಾಯಿ. ಬೇಡ ಬಿಡು ಆ ಮನೆ."

ಆಮೇಲೆ ಮಗಳು ಅಡಿಗೆಮನೆಯಲ್ಲಿ ನನಗೆ ಹೇಳಿದಳು. ಆಸ್ಪತ್ರೆಯ ಬಾಗಿಲಿಗೆ ಬಂದ ಅಪ್ಪ, ಮೊದಲು ನೀನು ನಡಿ, ನಾನು ಹಿಂದೆ ದೂರದಲ್ಲಿ ಬರುತ್ತೇನೆ ಎಂದರಂತೆ. ಬಂಕು ದಾಟಿ ತಿರುಗಿದ ಮೇಲೆ ಅವಳು ಅವರಿಗೆ ಕಾಣಲೇ ಇಲ್ಲವಂತೆ. ಹೆಸರು ಹಿಡಿದು ಕೂಗಿದರಂತೆ. ನಾಯಿ ಇದ್ದವಂತೆ, ಇಲ್ಲವೆಂದಲ್ಲ. ಎರಡು.

ಹಾಗೆ ಇವತ್ತು ನಾವಿಬ್ಬರೂ ಶಿಕಾರಿಪುರಕ್ಕೆ ಹೋದೆವು. ಅದೇ ತೆಂಗಿನಕಾಯಿ, ಹೊಸ ಎಲೆ, ಹೊಸ ಅಡಿಕೆ. ದಾರಿಯುದ್ದಕ್ಕೂ ಇವರು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು, ಒಳಗೆ ಹಾವಿದೆಯೇನೋ ಎನ್ನುವ ಹಾಗೆ. ಮನೆ ಮಾರುವವರು ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವರು, ಸೌಮ್ಯ ಜನ. ಕೂರಿಸಿ ಚಹಾ ಕೊಟ್ಟರು. ಇವರು ತಟ್ಟೆ ಮುಂದಿಟ್ಟು, ಕೆಮ್ಮಿ, "ಆ ಕಡೆ ನಾಯಿ ಕಾಟ ಅಂತ ನಮ್ಮ ಮನೆಯೋರು..." ಎಂದು ಶುರು ಮಾಡಿದರು.

ಇಷ್ಟಾದರೂ ನಾಯಿಯ ಮೇಲೆ ಹಾಕುತ್ತಾರಲ್ಲ ಎಂದು ನನಗೆ ಉರಿಯಿತು. ಅದೂ ನನ್ನ ಹೆಸರಿನಲ್ಲಿ. ನಾಯಿಗಳನ್ನು ಹಿಡಿದುಕೊಂಡು ಹೋಗುತ್ತಾರೆ, ಏರಿಯಾ ಮತ್ತೆ ಸೇಫ್ ಆಗುತ್ತದೆ, ಇನ್ನೊಬ್ಬರ ಮಗಳು ಫೋನು ಕಿವಿಗಿಟ್ಟುಕೊಂಡು ಯಾರೂ ಇಲ್ಲದವರ ಜೊತೆ ಮಾತಾಡುತ್ತ ನಡೆಯುತ್ತಾಳೆ.

"ನಾಯಿ ಅಲ್ರೀ" ಎಂದೆ. "ನಾಯಿ ಏನೂ ಮಾಡಲಿಲ್ಲ. ನನ್ನ ಮಗಳು ಕೆಲಸ ಮುಗಿಸಿ ಕತ್ತಲಾದ ಮೇಲೆ ಬರ್ತಾಳೆ. ಆ ದಾರೀಲಿ ದೀಪ ಇಲ್ಲ. ದೀಪ ಕೇಳಿದ್ರೆ ಹೆಣ್ಣುಮಕ್ಕಳು ಹೊರಗೆ ಇರಲ್ಲ ಅಂತಾರೆ. ಅದಕ್ಕೆ ಬೇಡ. ಮುಂದಿನವರಿಗೆ ಇದನ್ನ ಹೇಳಿ ಮಾರಿ."

ಅವರು ತಟ್ಟೆಯನ್ನೂ ನಮ್ಮನ್ನೂ ನೋಡಿದರು. "ಅದಕ್ಕ ಯಾರಾದ್ರೂ ಮನಿ ಬಿಡ್ತಾರೇನ್ರಿ" ಎಂದರು. ಬೈಯಲಿಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದರು. ಅವರ ಹೆಂಡತಿ ಒಳಗಿನಿಂದ ಬಂದು ತೆಂಗಿನಕಾಯಿ ಎತ್ತಿಕೊಂಡರು. ನನಗೆ ಕುಂಕುಮ ಹಚ್ಚುತ್ತ, "ನಾನೂ ಹೇಳಿದ್ದೆ ಲೈಟಿಂದು. ಕಮಿಟಿ ಅಂದ್ರ ಗಂಡಸರ ಮೀಟಿಂಗು ನೋಡ್ರಿ ಅದು, ಚಹಾ ಕೊಟ್ಟು ಒಳಗ ಬಂದ್ಬಿಡೋದು ನಾವು" ಎಂದರು ಮೆಲ್ಲಗೆ.

ಹೊರಗೆ ಬಂದ ಮೇಲೆ ಇವರು ನೇರ ಬಸ್ ನಿಲ್ದಾಣಕ್ಕೆ ನಡೆದರು. ಅಲ್ಲಿ ಮಗಳಿಗೆಂದು ಬೆಣ್ಣೆ ಬಿಸ್ಕತ್ತು ಕಟ್ಟಿಸಿದರು. ಭಾವನವರು ಸಂಜೆ ಫೋನು ಮಾಡಿ ನನ್ನ ಹೆಸರೆತ್ತದೆ, ಮಂಡಕ್ಕಿ ಭಟ್ಟಿಯ ಹಿಂದೆ ಒಂದು ಸಣ್ಣ ಮನೆ ಇದೆಯಂತೆ, ಹೊಗೆ ಜಾಸ್ತಿ, ಬೆಲೆ ಕಡಿಮೆ, ಭಾನುವಾರ ಬೆಳಿಗ್ಗೆ ಗಳಿಗೆ ಚೆನ್ನಾಗಿದೆ ಎಂದರಂತೆ. ಇವರು ನನ್ನ ಕಡೆ ನೋಡಿ, "ಬೆಳಿಗ್ಗೆ ಬ್ಯಾಡಣ್ಣ, ಸಂಜಿಗೆ ಬರ್ತೀವಿ. ಇಬ್ರೂ" ಎಂದರು.

ಮಗಳು ಇವತ್ತೂ ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿಯೇ ಬಂದಳು. ಇನ್ನೂ ಎಷ್ಟು ದಿನವೋ. ರಾತ್ರಿಗೆ ಹುರುಳಿ ಕಟ್ಟಿನ ಸಾರು, ಅನ್ನ, ಸುಟ್ಟ ಹಪ್ಪಳ, ಮಾವಿನಮಿಡಿ ಉಪ್ಪಿನಕಾಯಿ. ಮಗಳು ಎರಡು ಸಲ ಸಾರು ಹಾಕಿಸಿಕೊಂಡು, ಆಮೇಲೆ ಬಿಸ್ಕತ್ತನ್ನೂ ತಿಂದಳು. ಅತ್ತೆ ಊಟ ಮುಗಿಸಿ ನೇರ ದೇವರ ಗೂಡಿನ ಹತ್ತಿರ ಹೋಗಿ, ಒದ್ದೆ ಬಟ್ಟೆ ಬಿಚ್ಚಿ, ಶುಕ್ರವಾರದ ಹಳೆ ಎಲೆಗಳ ಬಾಡಿದ ಅಂಚು ಚಿವುಟಿ, ಸುಣ್ಣ ಸವರಿ ಬಾಯಿಗೆ ಹಾಕಿಕೊಂಡರು. ಯಾರೂ ಬೇಡವೆನ್ನಲಿಲ್ಲ. ಮೊದಲು ಮಲಗಿದ್ದು ಇವರು, ನಾನು ಮಂಡಿಗೆ ಎಣ್ಣೆ ಹಚ್ಚುತ್ತಿರುವಾಗಲೇ.